ಗೇಮ್‌ಗೊಂದು ಹೊಸ ಬೈಗುಳ: ಹುಟ್ಟಿಸುವುದರಿಂದ ಚಾಟ್ ಫಿಲ್ಟರ್‌ವರೆಗೆ

ಕನ್ನಡದಲ್ಲಿ ಗೇಮ್ ಬರೆಯುವವರು ಪಾತ್ರಕ್ಕೆ ಸಿಟ್ಟು ಬರುವ ಜಾಗದಲ್ಲಿ ತಡವರಿಸುತ್ತಾರೆ. ನಿಜವಾದ ಬೈಗುಳ ಹಾಕಿದರೆ ವಯಸ್ಸಿನ ರೇಟಿಂಗ್ ಏರುತ್ತದೆ, ಮೇಲಾಗಿ ಬೇರೆ ಗ್ರಹದ ಸೈನಿಕ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನವನಂತೆ ಕೇಳಿಸುತ್ತಾನೆ. "ಎಲೈ ದುಷ್ಟನೇ" ಎಂದು ಬರೆದರೆ ಕಂಪನಿ ನಾಟಕದ ಸಂಭಾಷಣೆಯಾಗುತ್ತದೆ. ಇಂಗ್ಲಿಷ್ ಗೇಮ್‌ಗಳಿಂದ ಕಡ ತಂದ ಪದವಂತೂ ಯಾರ ಬಾಯಲ್ಲೂ ಕೂರುವುದಿಲ್ಲ. ಉಳಿಯುವ ದಾರಿ, ಆ ಲೋಕಕ್ಕೆ ಅದರದೇ ಬೈಗುಳ ಹುಟ್ಟಿಸುವುದು. ಅದನ್ನು ಕ್ರಮವಾಗಿ ಮಾಡಬಹುದು, ಮಾಡಲೇಬೇಕು. ಎಲ್ಲಕ್ಕೂ ಮೊದಲು ನೆನಪಿಡಬೇಕಾದದ್ದು: ಸದ್ದಿನಿಂದ ಶುರು ಮಾಡಬೇಡಿ, ಆ ಜನರ ಭಯದಿಂದ ಶುರು ಮಾಡಿ.

ಬರೀ ಸದ್ದೇ ಸಾಕಾಗುವ ಗೇಮ್‌ಗಳೂ ಇವೆ, ನಿಜ. 1982ರಲ್ಲಿ ಗಾಟ್‌ಲೀಬ್ ಕಂಪನಿ ತಂದ ಆರ್ಕೇಡ್ ಗೇಮ್ ಕ್ಯೂಬರ್ಟ್‌ನಲ್ಲಿ ಕಿತ್ತಳೆ ಬಣ್ಣದ ನಾಯಕ ಶತ್ರುವಿಗೆ ಸಿಕ್ಕಿಬಿದ್ದಾಗ ತಲೆಯ ಮೇಲೆ @!#?@! ಎಂಬ ಗುಳ್ಳೆ ಮೂಡುತ್ತದೆ. ಜೊತೆಗೆ ವೋಟ್ರಾಕ್ಸ್ ಎಂಬ ಮಾತಿನ ಚಿಪ್ ಧ್ವನಿಗಳನ್ನು ಮನಸ್ಸಿಗೆ ಬಂದಂತೆ ಜೋಡಿಸಿ ಗೊಣಗುತ್ತದೆ. ಅರ್ಥವಿಲ್ಲ, ಸಿಟ್ಟಿದೆ. 2000ರ ದಿ ಸಿಮ್ಸ್‌ನ ಸಿಮ್ಲಿಷ್ ಭಾಷೆಯೂ ಹೀಗೆಯೇ ಕೆಲಸ ಮಾಡುತ್ತದೆ. ನಿಮ್ಮ ಗೇಮ್‌ನಲ್ಲಿ ಮಾತು ಕಡಿಮೆ, ನಗು ಜಾಸ್ತಿ ಎಂದಾದರೆ ಈ ದಾರಿ ಹಿಡಿಯಿರಿ. ಗದರುವ ಧಾಟಿ ಮತ್ತು ಸ್ವರದಲ್ಲಿ ಮುಗಿಯುವ ಪದಗಳನ್ನು ಉಳಿಸಿಕೊಂಡರೆ ಅರ್ಥವಿಲ್ಲದ ಮಾತೂ ಕನ್ನಡದ ಹಾಗೆ ಕೇಳಿಸುತ್ತದೆ. ಆದರೆ ಪಾತ್ರಗಳು ಕಥೆ ಹೇಳುವ ಗೇಮ್‌ಗೆ ಇದು ಸಾಲದು.

ಭಯದ ಪಟ್ಟಿ

ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಈ ಜನ ಯಾವುದಕ್ಕೆ ಹೆದರುತ್ತಾರೆ? ಯಾವುದನ್ನು ಪವಿತ್ರ ಎನ್ನುತ್ತಾರೆ? ಯಾವುದನ್ನು ಹೊಲಸು ಎನ್ನುತ್ತಾರೆ? ಯಾವ ಕೆಲಸ ಮಾಡಿದವನನ್ನು ಊರೊಳಗೆ ಸೇರಿಸುವುದಿಲ್ಲ?

ಹೆಸರು ಮಾಡಿದ ಗೇಮ್‌ಗಳ ಬೈಗುಳಗಳು ಈ ಪ್ರಶ್ನೆಗಳಿಂದಲೇ ಹುಟ್ಟಿದಂತಿವೆ. 2002ರ ಮಾರೋವಿಂಡ್‌ನಲ್ಲಿ ಡನ್ಮರ್ ಜನ ಹೊರಗಿನವರನ್ನು ನ್‌ವಾಹ್ ಎಂದು ಕರೆಯುತ್ತಾರೆ. ಆಟಗಾರ ಆ ದ್ವೀಪಕ್ಕೆ ಬಂದಿಳಿದ ಪರದೇಶಿ, ಹಾಗಾಗಿ ಬೈಗುಳ ನೇರವಾಗಿ ಅವನಿಗೇ ತಾಗುತ್ತದೆ. ಆ ನಾಡು ಹೊರಗಿನವರನ್ನು ಹೇಗೆ ನೋಡುತ್ತದೆ ಎಂದು ತಿಳಿಯಲು ಅವನು ಪುಸ್ತಕ ತೆರೆಯಬೇಕಿಲ್ಲ. 2011ರ ಸ್ಕೈರಿಮ್‌ನಲ್ಲಿ ನಾರ್ಡ್ ಯೋಧರು ಹೇಡಿಯನ್ನು ಹಾಲು ಕುಡಿಯುವವನು ಎಂದು ಹಂಗಿಸುತ್ತಾರೆ. ಜೇನಿನ ಮದ್ಯ ಕುಡಿಯುವ ನಾಡಿನಲ್ಲಿ ಅದು ಚುಚ್ಚುವ ಮಾತು. ಅದನ್ನೇ ಕನ್ನಡಕ್ಕೆ ಇದ್ದಂತೆ ತಂದರೆ ಕೆಡುತ್ತದೆ. ನಮ್ಮಲ್ಲಿ ಹಾಲು ಒಳ್ಳೆಯತನದ ಗುರುತು. "ಇನ್ನೂ ಹಾಲುಗಲ್ಲ ಒಣಗಿಲ್ಲ" ಎಂಬ ಕಡೆಗೆ ತಿರುಗಿಸಬೇಕು. ಮಾಸ್ ಎಫೆಕ್ಟ್‌ನ ಟಾಲಿ ಎಂಬ ಪಾತ್ರದ "ಬೋಷ್‌ಟೆಟ್" ಮಾತ್ರ ಅರ್ಥ ಬಿಡಿಸದೆಯೇ ನಿಂತ ಪದ. ಅವಳು ಅದನ್ನು ಯಾರಿಗೆ, ಯಾವಾಗ ಅನ್ನುತ್ತಾಳೆ ಎಂಬುದರಿಂದಲೇ ತೂಕ ಗೊತ್ತಾಗುತ್ತದೆ.

ಈಗ ಒಂದು ಲೋಕವನ್ನೇ ಇಟ್ಟುಕೊಂಡು ಮಾಡಿ ನೋಡೋಣ. ಮಳೆ ಕಡಿಮೆಯಾದ ಒಣನಾಡು, ಒಂದೇ ದೊಡ್ಡ ಕೆರೆಯ ಸುತ್ತ ಕಟ್ಟಿದ ಕೋಟೆ. ಭಯ: ಏರಿ ಒಡೆಯುವುದು, ಕೆರೆ ಬತ್ತುವುದು. ಪವಿತ್ರ: ತೂಬು. ಹೊಲಸು: ಕೆರೆಯಂಗಳದ ಗೋಡು, ಅಂದರೆ ಕೆಸರುಮಣ್ಣು. ಹೊರಗಿಡುವುದು: ರಾತ್ರಿ ತೂಬೆತ್ತಿ ನೀರು ಕದ್ದವರನ್ನು. ಹಾಳೆಯಲ್ಲಿ ಇಷ್ಟಿದ್ದರೆ ಅರ್ಧ ಕೆಲಸ ಮುಗಿದಂತೆ.

ಅಚ್ಚುಗಳು ಕನ್ನಡದಲ್ಲೇ ಇವೆ

ಹೊಸ ಬೈಗುಳ ಎಂದರೆ ಹೊಸ ಧಾತು ಬೇಕೆಂದಿಲ್ಲ. ಹಳೆಯ ಅಚ್ಚಿಗೆ ಹೊಸ ಲೋಹ ಹೊಯ್ದರೆ ಕೇಳಿದವನಿಗೆ ಒಡನೆಯೇ ಅದು ಬೈಗುಳ ಎಂದು ಗೊತ್ತಾಗುತ್ತದೆ.

ಮನೆಗೇಡಿ, ಲಜ್ಜೆಗೇಡಿ, ಹೊಣೆಗೇಡಿ ಇರುವಾಗ "ಕೆರೆಗೇಡಿ" ತಾನಾಗಿ ಹುಟ್ಟುತ್ತದೆ. ಸುಳ್ಳುಬುರುಕ, ಲಂಚಕೋರ, ಲಂಚಗುಳಿ, ಬಡ್ಡಿಮಗ: ಬುರುಕ, ಕೋರ, ಗುಳಿ, ಮಗ ಎಲ್ಲವೂ ಹೀಗೆ ಕೈಗೆ ಸಿಗುವ ಅಚ್ಚುಗಳು. ಕಳ್ಳನನ್ನು ಸೇರಿಸಿ "ತೂಬುಗಳ್ಳ". ಸುಳ್ಳು ಹೇಳುವವನಿಗೆ "ಗೋಡುಬಾಯಿ".

ಶಾಪಕ್ಕೆ ಬೇರೆಯೇ ವ್ಯಾಕರಣವಿದೆ, ಅದು ಬಲು ಬೆಲೆಯುಳ್ಳದ್ದು. "ನಿನ್ ಮನೆ ಹಾಳಾಗ", "ನಿನ್ ಬಾಯಿಗೆ ಮಣ್ಣಾಕ", "ನಿನ್ ನಾಲ್ಗೆ ಸೇದೋಗ" ಎಂಬಲ್ಲಿ ಕೊನೆಯ ಕ್ರಿಯಾಪದ ಬಂದ ಕೂಡಲೇ ಕೇಳುವವನಿಗೆ ಶಾಪ ಬಿತ್ತೆಂದು ಗೊತ್ತಾಗುತ್ತದೆ. ಹಾಗಾಗಿ "ನಿನ್ ಕೆರೆ ಬತ್ತೋಗ!" ಎಂಬುದನ್ನು ಮೊದಲ ಸಲ ಕೇಳಿದವನೂ ಬೆಚ್ಚುತ್ತಾನೆ. ಅದೇ ಲೋಕದ ಬಡಗಣ ಪಾಳೆಯದವರಿಗೆ ಧಾರವಾಡದ ಕಡೆಯ ಮಾತು ಕೊಟ್ಟಿದ್ದರೆ "ನಿನ್ನ ಕೆರಿ ಬತ್ತಿಹೋಗ್ಲಿ" ಎನ್ನಿಸಿ. ಉದ್ಗಾರಕ್ಕೆ "ಏರಿ ಒಡೀತು!" ಸಾಕು, ಬಳಕೆಯಲ್ಲಿ ಸವೆದು "ಏರೊಡೀತು!" ಆಗಿರಲಿ. ಬಾಯಲ್ಲಿ ಸವೆದ ಬೈಗುಳ ಹಳೆಯದೆನ್ನಿಸುತ್ತದೆ, ಲೋಕಕ್ಕೂ ವಯಸ್ಸು ಬರುತ್ತದೆ.

ಇನ್ನೆರಡು ಸಾಧನಗಳನ್ನು ಕನ್ನಡದ ಬರಹಗಾರರು ಕೈಬಿಡುವುದು ಬೇಸರದ ಸಂಗತಿ. ಒಂದು, ಪ್ರತಿಧ್ವನಿ ಪದ. "ಸೇನಾಪತಿಯಂತೆ ಗೀನಾಪತಿಯಂತೆ" ಎಂದರೆ ಯಾವ ಕೆಟ್ಟ ಪದವೂ ಇಲ್ಲದೆ ಪದವಿ ಮಣ್ಣುಪಾಲು. ಇನ್ನೊಂದು, ಸರ್ವನಾಮ. ಇಡೀ ಗೇಮ್ ರಾಜಮಾತೆಯನ್ನು "ನೀವು" ಎನ್ನುತ್ತಿದ್ದ ಕಾವಲುಗಾರ ಒಂದು ದೃಶ್ಯದಲ್ಲಿ "ನೀನು" ಎನ್ನಲಿ, ಅಥವಾ ಶತ್ರುವಿನ ಕುರಿತು "ಬಂದ" ಎನ್ನುವ ಬದಲು "ಬಂತು ನೋಡು" ಎನ್ನಲಿ. ಮನುಷ್ಯನನ್ನು ನಪುಂಸಕ ಲಿಂಗಕ್ಕೆ ಇಳಿಸಿದ ಆ ಒಂದು ಪ್ರತ್ಯಯ ಯಾವ ರೇಟಿಂಗ್ ಸಮಿತಿಯ ಲೆಕ್ಕಕ್ಕೂ ಸಿಗುವುದಿಲ್ಲ, ಆದರೆ ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ. ಇದು ಕೆಲಸ ಮಾಡಬೇಕೆಂದರೆ ಮೊದಲ ದಿನದಿಂದಲೇ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬ ಕೋಷ್ಟಕ ಇಟ್ಟುಕೊಳ್ಳಬೇಕು. ಒಂದು ಕಡೆ ಅಜಾಗರೂಕತೆಯಿಂದ "ನೀನು" ನುಸುಳಿದ್ದರೂ ದೃಶ್ಯ ಸಪ್ಪೆ.

ಪದ ಕಟ್ಟಿದ ಮೇಲೆ ವಾಕ್ಯಗಳಲ್ಲಿ ಓಡಿಸಿ: "ಲೋ ತೂಬ್ಗಳ್ಳಾ", "ತೂಬುಗಳ್ಳರನ್ನ ನಂಬ್ಬೇಡ", "ತೂಬುಗಳ್ಳಿ", "ನಿನ್ ತೂಬುಗಳ್ಳತನ ಗೊತ್ತು". ಸಂಬೋಧನೆ, ವಿಭಕ್ತಿ, ಸ್ತ್ರೀಲಿಂಗ, "ತನ" ನಾಲ್ಕರಲ್ಲೂ ಎಡವದಿದ್ದರೆ ಉಳಿಸಿಕೊಳ್ಳಿ. ಕಡ ತಂದ ಒಂಟಿ ಸದ್ದುಗಳು ಸೋಲುವುದು ಇಲ್ಲೇ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ವಿಭಕ್ತಿ ಹಚ್ಚುವಾಗ ನಟ ಪ್ರತಿ ಸಲವೂ ಮುಗ್ಗರಿಸುತ್ತಾನೆ.

ಸದ್ದು

ಪೆದ್ದ, ದಡ್ಡ, ಬಡ್ಡಿ, ಮುಠ್ಠಾಳ: ಹ್ರಸ್ವ ಸ್ವರ, ಅದರ ಬೆನ್ನಿಗೆ ಒತ್ತಿದ ವ್ಯಂಜನ. ಕನ್ನಡದಲ್ಲಿ ಏಟು ಬೀಳುವುದು ಈ ಜೋಡಿಯಿಂದ, ಟ, ಡ, ಳದಂಥ ಮೂರ್ಧನ್ಯ ಸೇರಿದರೆ ಇನ್ನೂ ಗಟ್ಟಿ. ದೀರ್ಘ ಸ್ವರ ಮತ್ತು ಒಂಟಿ ವ್ಯಂಜನದ "ಗೋಡು" ಒಂದೇ ನಿಂತರೆ ಮೆತ್ತಗೆ, "ಗೋಡ್ಬಾಯಿ ಮುಚ್ಚು!" ಎಂದಾಗ ಒತ್ತಕ್ಷರ ಸಿಕ್ಕಿ ಬಿಗಿಯಾಗುತ್ತದೆ. ಎರಡರಿಂದ ನಾಲ್ಕು ಅಕ್ಷರ ಸಾಕು. ಐದು ದಾಟಿದರೆ ಕೂಗುವಾಗ ಉಸಿರು ಸಾಲದು. ಹಕಾರವನ್ನು ಪದದ ಮೊದಲಿಗೆ ಇಡಬೇಡಿ. ಹಳೇ ಮೈಸೂರಿನ ಹಳ್ಳಿಮಾತಿನಲ್ಲಿ "ಹೂಳು" "ಊಳು" ಆಗುತ್ತದೆ, ಕೂಗಿದಾಗ ಬರೀ ಗಾಳಿ ಕೇಳುತ್ತದೆ. ಮೇಲಿನ ಲೋಕದಲ್ಲಿ ಹೂಳು ಬಿಟ್ಟು ಗೋಡು ಹಿಡಿದದ್ದು ಅದಕ್ಕೇ. ಮಹಾಪ್ರಾಣವನ್ನೂ ನೆಚ್ಚಿಕೊಳ್ಳಬೇಡಿ, ಅವಸರದ ಮಾತಿನಲ್ಲಿ ಅದು ಉಳಿಯುವುದಿಲ್ಲ.

ಪರರ ಕಿವಿ, ನಮ್ಮ ಚರಿತ್ರೆ

ಪದ ನಿಮಗೆ ಹೊಸದು, ಆದರೆ ಪಕ್ಕದ ಭಾಷೆಯಲ್ಲಿ ಅದಾಗಲೇ ಇರಬಹುದು. ಕನ್ನಡದಲ್ಲಿ "ಪುಂಡ" ಎಂದರೆ ಪೋಕರಿ, ಪತ್ರಿಕೆಗಳ ತಲೆಬರಹದಲ್ಲೂ ಬರುವ ಪದ. ಅದಕ್ಕೆ ತೀರ ಹತ್ತಿರದ ಉಚ್ಚಾರಣೆಯ ತಮಿಳು ಪದ ಮಹಾ ಅಶ್ಲೀಲ. ಬೆಂಗಳೂರಿನಲ್ಲಿ ಗೇಮ್ ಆಡುವವರಲ್ಲಿ ಎರಡೂ ಭಾಷೆ ಬಲ್ಲವರು ಸಾಕಷ್ಟಿದ್ದಾರೆ. ಪಟ್ಟಿಯನ್ನು ತುಳು, ಕೊಂಕಣಿ, ತೆಲುಗು, ತಮಿಳು, ಮರಾಠಿ, ಉರ್ದು ಬಲ್ಲವರಿಗೂ ಕಲಬುರಗಿ, ಧಾರವಾಡ, ಮೈಸೂರು, ಮಂಗಳೂರು ಕಡೆಯ ಒಬ್ಬೊಬ್ಬರಿಗೂ ಓದಿಸಿ. ಬರೆದು ಕಳಿಸಿದರೆ ಸಾಲದು, ಗಟ್ಟಿಯಾಗಿ ಕೂಗಿ ಕೇಳಿಸಿ. ಅನೇಕ ಘರ್ಷಣೆಗಳು ಕಿವಿಗೆ ಮಾತ್ರ ಗೊತ್ತಾಗುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಕನ್ನಡದ ಹಳೆಯ ಬೈಗುಳಗಳಲ್ಲಿ ಬಹುಪಾಲು ಜಾತಿ, ವಿಧವೆ, ಅಂಗವಿಕಲರು, ಹೆಂಗಸಿನ ದೇಹ ಇವುಗಳ ಮೇಲೆ ಬಿದ್ದವು. ಹೊಸ ಪದ ಕಟ್ಟುವಾಗ ಇವು ಗೊತ್ತಿಲ್ಲದೆ ಒಳಗೆ ಬರುತ್ತವೆ. ಕೆರೆಯ ಲೋಕದಲ್ಲಿ "ನೀರಗಂಟಿ" ಎಂಬುದನ್ನೇ ಬೈಗುಳ ಮಾಡುವ ಆಸೆ ಬರುತ್ತದೆ, ಸದ್ದೂ ಚೆನ್ನಾಗಿದೆ. ಆದರೆ ನಿಜದ ಕೆರೆಗಳ ತೂಬು ಕಾಯ್ದು ಗದ್ದೆಗಳಿಗೆ ನೀರು ಹಂಚಿದ ನೀರಗಂಟಿಗಳು ಅನೇಕ ಊರುಗಳಲ್ಲಿ ದಲಿತರು. ಅವರ ಕಸುಬನ್ನು ಬೈಗುಳ ಮಾಡಿದರೆ ಕಲ್ಪನೆಯ ಹೆಸರಿನಲ್ಲಿ ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತೆ. ಕಸುಬಿನ ಹೆಸರು ಬೇಡ, ಮಾಡಿದ ತಪ್ಪಿನ ಹೆಸರು ಇರಲಿ: ತೂಬುಗಳ್ಳ ಯಾರೂ ಆಗಬಹುದು. ನಿಜವಾದ ಜಾತಿಯ ಹೆಸರನ್ನಂತೂ ಬೈಗುಳದ ಹತ್ತಿರಕ್ಕೂ ತರಬೇಡಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಿಂದ ಇದೆ. ಆ ಸಮುದಾಯದವರನ್ನು ಸಾರ್ವಜನಿಕವಾಗಿ ಜಾತಿ ಹೆಸರು ಹಿಡಿದು ನಿಂದಿಸುವುದು ಅದರಡಿ ಅಪರಾಧ.

ಕಥೆಗೆ ದ್ವೇಷದ ಪದವೊಂದು ಬೇಕೇ ಬೇಕೆಂದರೆ ಅದನ್ನು ಕಲ್ಪಿತ ಗುಂಪಿಗೇ ಕಟ್ಟಿ. ಕೋಟೆಯೊಳಗಿನವರು ಹೊರಗಿನ ಅಲೆಮಾರಿಗಳನ್ನು "ಮಳೆನಂಬಿ" ಎನ್ನಲಿ. ಪದದಲ್ಲಿ ಹೊಲಸಿಲ್ಲ, ಸೊಕ್ಕು ಇದೆ. ಡ್ರ್ಯಾಗನ್ ಏಜ್ ಗೇಮ್‌ಗಳಲ್ಲಿ ಚೂಪು ಕಿವಿಯ ಎಲ್ಫ್ ಜನರನ್ನು ಮನುಷ್ಯರು "ಚಾಕುಗಿವಿ" ಎಂದು ಹಂಗಿಸುವುದು ಇದೇ ಬಗೆಯದು. ಇಂಥ ಪದವನ್ನು ಆಟಗಾರನ ಬಾಯಿಗೆ ಹಾಸ್ಯಕ್ಕಾಗಿ ಕೊಡಬೇಡಿ.

ಎಷ್ಟು, ಯಾರಿಗೆ, ಯಾವಾಗ

ಐದಾರು ಗಂಟೆಯ ಗೇಮ್‌ಗೆ ಐದರಿಂದ ಏಳು ಪದ ಧಾರಾಳ: ಎರಡು ಉದ್ಗಾರ, ಎರಡು ಮೂರು ಬೈಗುಳ, ಒಂದು ಶಾಪ, ಬೇಕಿದ್ದರೆ ಒಂದು ದ್ವೇಷದ ಪದ. ಹೆಚ್ಚಾದರೆ ಆಟಗಾರ ಯಾವುದನ್ನೂ ಕಲಿಯುವುದಿಲ್ಲ. ಪ್ರತಿ ಪದಕ್ಕೂ 1ರಿಂದ 3ರವರೆಗೆ ತೀವ್ರತೆಯ ಅಂಕ ಕೊಟ್ಟು, ಯಾವ ಪಾತ್ರ ಎಲ್ಲಿಯವರೆಗೆ ಹೋಗಬಹುದು ಎಂದು ಬರೆದಿಡಿ. ಪೂಜಾರಿ, ಸಿಪಾಯಿ, ಏಳು ವರ್ಷದ ಹುಡುಗಿ ಎಲ್ಲರೂ "ಕೆರೆಗೇಡಿ" ಎಂದೇ ಬೈದರೆ ಅದು ಒಬ್ಬ ಬರಹಗಾರನ ಧ್ವನಿ ಎಂದು ಗೊತ್ತಾಗಿಬಿಡುತ್ತದೆ.

ಪದವನ್ನು ಪರಿಚಯಿಸುವ ಮೊದಲ ದೃಶ್ಯದಲ್ಲಿ ಕಾರಣ ಕಣ್ಣಿಗೆ ಕಾಣಬೇಕು: ಕಾವಲುಗಾರ ಒಬ್ಬನನ್ನು ತೂಬಿನ ಬಳಿ ಹಿಡಿದು "ತೂಬ್ಗಳ್ಳ!" ಎಂದು ಕೂಗಲಿ. ಎರಡನೆಯ ಸಲ ಸಂತೆಯಲ್ಲಿ ತೂಕ ತಪ್ಪಿಸಿದ ಅಂಗಡಿಯವನಿಗೆ ಅದೇ ಮಾತು ಬೀಳಲಿ, ಅರ್ಥ ಹಿಗ್ಗುತ್ತದೆ. ಮೂರನೆಯ ಸಲ ಗೆಳೆಯ ಬೆನ್ನಿಗೆ ಗುದ್ದಿ "ಎಲ್ಲೋಗಿದ್ಯೋ ತೂಬ್ಗಳ್ಳ ನನ್ಮಗ್ನೆ" ಎನ್ನಲಿ. ಬೈಗುಳ ಪ್ರೀತಿಗೂ ಬಳಕೆಯಾದಾಗಲೇ ಅದು ಭಾಷೆಯೊಳಗೆ ಸೇರುವುದು. ಈ ಮೂರೂ ಆಗುವವರೆಗೆ ಗೇಮ್‌ನೊಳಗಿನ ಪದಕೋಶದಲ್ಲಿ ಅದರ ಅರ್ಥ ಕೊಡಬೇಡಿ.

ಯುದ್ಧದ ನಡುವೆ ಶತ್ರುಗಳು ಕೂಗುವ ಚಿಕ್ಕ ಮಾತುಗಳು ಬೇರೆ ಬಗೆಯವು. ಅಲ್ಲಿ ಆಟಗಾರ ಒಂದೇ ಸಾಲನ್ನು ನೂರಾರು ಸಲ ಕೇಳುತ್ತಾನೆ. ಒಂದು ಸಂದರ್ಭಕ್ಕೆ ಕನಿಷ್ಠ ಆರು ಸಾಲು ಬರೆಸಿ, ಒಮ್ಮೆ ಬಂದದ್ದು ಅರ್ಧ ನಿಮಿಷವಾದರೂ ಮತ್ತೆ ಬರದಂತೆ ತಡೆ ಹಾಕಿ, ತೀವ್ರತೆ 1 ದಾಟಬೇಡಿ. ಶಾಪವನ್ನು ಇಲ್ಲಿ ಖರ್ಚು ಮಾಡಿದರೆ ಕೊನೆಯ ದೃಶ್ಯದಲ್ಲಿ ತಾಯಿ "ನಿನ್ ಕೆರೆ ಬತ್ತೋಗ" ಎಂದಾಗ ಯಾರೂ ತಲೆ ಎತ್ತುವುದಿಲ್ಲ. ಶಾಪ ಇಡೀ ಗೇಮ್‌ನಲ್ಲಿ ಒಮ್ಮೆ, ಬಹಳವೆಂದರೆ ಎರಡು ಸಲ.

ನಿಜದ ಬೈಗುಳ ಮತ್ತು ಕಟ್ಟಿದ ಬೈಗುಳ ಒಟ್ಟಿಗೆ ಇರಬಹುದೇ? ಇರಬಹುದು, ಕೆಲಸ ಹಂಚಿಕೊಟ್ಟರೆ. 2020ರ ಸೈಬರ್‌ಪಂಕ್ 2077ರಲ್ಲಿ ಇಂಗ್ಲಿಷಿನ ಕಡು ಬೈಗುಳಗಳು ಸಿಟ್ಟಿಗೆ ಮೀಸಲು. ದಡ್ಡನಿಗೆ "ಗಾಂಕ್", ಗೆಳೆಯನಿಗೆ "ಚೂಮ್" ಎನ್ನುವುದು ಆ ಊರಿನವನೆಂಬ ಗುರುತಿಗೆ. ಹೀಗೆ ಹಂಚದೆ ಎರಡನ್ನೂ ಸಿಟ್ಟಿಗೇ ಬಳಸಿದರೆ ಕಟ್ಟಿದ ಪದ ನಿಜದ ಪದದ ಮುಂದೆ ಆಟಿಕೆಯಾಗುತ್ತದೆ.

ರೇಟಿಂಗ್

ಗೇಮ್‌ಗಳಿಗೆ ವಯಸ್ಸಿನ ಗುರುತು ಕೊಡುವ ವ್ಯವಸ್ಥೆಗಳಲ್ಲಿ ಅಮೆರಿಕದ ಇಎಸ್‌ಆರ್‌ಬಿ 1994ರಿಂದ, ಯುರೋಪಿನ ಪೆಗಿ 2003ರಿಂದ ಇವೆ. ಪೆಗಿಯಲ್ಲಿ 12ರ ಗುರುತಿಗೆ ಸೌಮ್ಯ ಬೈಗುಳ ಮಾತ್ರ ಸಲ್ಲುತ್ತದೆ. ಇಎಸ್‌ಆರ್‌ಬಿಯ ಟೀನ್ ದರ್ಜೆಯಲ್ಲಿ ಕಡು ಪದ ಅಪರೂಪಕ್ಕೆ ಬರಬಹುದು, ಅದು ಮೇಲಿಂದ ಮೇಲೆ ಬಂದರೆ ಮೆಚ್ಯೂರ್. ಗೂಗಲ್ ಪ್ಲೇಗೆ ಹಾಕುವವರು ಹಲವು ದೇಶಗಳ ರೇಟಿಂಗ್ ಒಟ್ಟಿಗೆ ಕೊಡುವ ಐಎಆರ್‌ಸಿ ಎಂಬ ವ್ಯವಸ್ಥೆಯ ಪ್ರಶ್ನಾವಳಿ ತುಂಬುತ್ತಾರೆ, ಅದಕ್ಕೆ ಹಣವಿಲ್ಲ, ಭಾರತದಲ್ಲಿ 3+, 7+, 12+, 16+, 18+ ಎಂಬ ಗುರುತು ಸಿಗುತ್ತದೆ. ಕನ್ನಡ ಧ್ವನಿಯಲ್ಲಿ ಮಾತ್ರ ಇರುವ ಬೈಗುಳವನ್ನೂ ಉತ್ತರ ಕೊಡುವಾಗ ಲೆಕ್ಕಕ್ಕೆ ಹಿಡಿಯಿರಿ. ಪದ ಕಟ್ಟಿದ್ದು ಎಂಬ ಮಾತ್ರಕ್ಕೆ ರಕ್ಷಣೆಯಿಲ್ಲ: ಅದು ಲೈಂಗಿಕ ಬೈಗುಳದ ಬದಲಿ ಎಂದು ದೃಶ್ಯವೇ ಸಾರುತ್ತಿದ್ದರೆ ಹಾಗೆಯೇ ತೂಗಿ ಉತ್ತರಿಸಿ.

ಧ್ವನಿ, ಸಬ್‌ಟೈಟಲ್, ಸ್ವಿಚ್

ಆಟಗಾರನಿಗೇ ಆಯ್ಕೆ ಕೊಡುವುದು ಒಳ್ಳೆಯ ಪದ್ಧತಿ. 2009ರ ಬ್ರೂಟಲ್ ಲೆಜೆಂಡ್ ಶುರುವಿನ ದೃಶ್ಯದಲ್ಲೇ, ನಾಯಕ ಬೈಯಲು ಬಾಯಿ ತೆರೆದ ಹೊತ್ತಿಗೆ, ಬೈಗುಳ ಕೇಳಬೇಕೋ ಬೇಡವೋ ಎಂದು ಕೇಳುತ್ತದೆ. ಹೀಗೆ ಮಾಡಲು ತೀವ್ರತೆ 2 ಮತ್ತು 3ರ ಪ್ರತಿ ಸಾಲಿಗೂ ಎರಡು ಧ್ವನಿಕಡತ, ಎರಡು ಸಬ್‌ಟೈಟಲ್ ಬೇಕು, ಮತ್ತು ಒಂದೇ ಸ್ವಿಚ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಧ್ವನಿ ಸೌಮ್ಯವಾಗಿ ಸಬ್‌ಟೈಟಲ್ ಹಾಗೇ ಉಳಿಯುವುದು ಇಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು. ರೆಕಾರ್ಡಿಂಗ್ ದಿನವೇ ಎರಡನ್ನೂ ತೆಗೆದುಕೊಳ್ಳಿ. ಅದೇ ಉಸಿರು, ಅದೇ ಮೈಕ್ ದೂರ ಇನ್ನೊಂದು ದಿನ ಸಿಗುವುದಿಲ್ಲ. ಕಿರುಚುವ ಸಾಲುಗಳೆಲ್ಲ ದಿನದ ಕೊನೆಗೆ ಇರಲಿ, ಮೊದಲೇ ಕಿರುಚಿಸಿದರೆ ನಟರ ಗಂಟಲು ಉಳಿದ ಸಾಲುಗಳಿಗೆ ಬರುವುದಿಲ್ಲ.

ಸಬ್‌ಟೈಟಲ್‌ನಲ್ಲಿ ಬೈಗುಳ ಮುಚ್ಚಲು ನಕ್ಷತ್ರ ಹಾಕುವಾಗ ಸಂಕೇತ ಸಂಕೇತವಾಗಿ ಬದಲಿಸಬೇಡಿ. "ಬಡ್ಡಿ" ನಮಗೆ ಎರಡು ಅಕ್ಷರ, ಯುನಿಕೋಡ್‌ನಲ್ಲಿ ಐದು ಸಂಕೇತ: ಬ, ಡ, ವಿರಾಮ (ಒತ್ತಕ್ಷರ ಕಟ್ಟುವ ಚಿಹ್ನೆ), ಡ, ಇಕಾರ ಚಿಹ್ನೆ. ನಡುವಿನ ಡಕಾರವೊಂದನ್ನೇ ನಕ್ಷತ್ರ ಮಾಡಿದರೆ ವಿರಾಮ ಅನಾಥವಾಗಿ, ಪರದೆಯ ಮೇಲೆ ಚುಕ್ಕೆಗಳ ವೃತ್ತ ಮೂಡಬಹುದು. ವಿರಾಮದ ಬೆನ್ನಿಗೆ ವ್ಯಂಜನ ಬಂದರೆ ಒಂದೇ ಅಕ್ಷರ ಎಂದು ಎಣಿಸುವ ನಿಯಮ ನೀವೇ ಸೇರಿಸಿ. ಕೆಲವು ಸಾಫ್ಟ್‌ವೇರ್ ಲೈಬ್ರರಿಗಳು ಕನ್ನಡದ ಒತ್ತಕ್ಷರವನ್ನು ನಡುವೆ ಕತ್ತರಿಸುತ್ತವೆ. ವಿಭಕ್ತಿಯನ್ನು ಮುಚ್ಚಬೇಡಿ: "ಆ *ನಿಗೆ ಹೇಳು" ಎಂದರೆ ವಾಕ್ಯ ಅರ್ಥವಾಗುತ್ತದೆ.

ಚಾಟ್ ಫಿಲ್ಟರ್

ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರನ್ನು 1996ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಸೇವೆಯ ಬೈಗುಳ ತಡೆಯುವ ಫಿಲ್ಟರ್ ಖಾತೆ ತೆರೆಯಲು ಬಿಡಲಿಲ್ಲ. ಊರ ಹೆಸರಿನ ನಡುವೆ ಒಂದು ಅಶ್ಲೀಲ ಪದ ಅಡಗಿತ್ತು. ಕನ್ನಡದಲ್ಲಿ ಈ ಕಾಟ ಇನ್ನೂ ಜಟಿಲ. "ತಿಕ" ಎಂಬ ಒಂದು ಪದವನ್ನು ನಿಷೇಧಿಸಿ ನೋಡಿ. ಸಂಕೇತಗಳ ಸಾಲನ್ನಷ್ಟೇ ಹುಡುಕುವ ಫಿಲ್ಟರ್ ಕಾರ್ತಿಕನನ್ನು ತಡೆಯುತ್ತದೆ, ವಿಜಯಪುರ ಜಿಲ್ಲೆಯ ತಿಕೋಟಾದವರನ್ನು ತಡೆಯುತ್ತದೆ, ಹಲ್ಲು ತಿಕ್ಕುವುದನ್ನೂ ನೈತಿಕ, ಭೌತಿಕಗಳನ್ನೂ ತಡೆಯುತ್ತದೆ.

ಇವೆಲ್ಲಕ್ಕೂ ಒಂದೇ ಮದ್ದಿಲ್ಲ. ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಯುನಿಕೋಡ್‌ನ ಏಕರೂಪಕ್ಕೆ ತನ್ನಿ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ತೆಗೆಯಿರಿ. ಇಲ್ಲದಿದ್ದರೆ ಒಂದೇ ಪದ ಬೇರೆ ಬೇರೆ ಸಂಕೇತಗಳಲ್ಲಿ ಬಂದು ತಪ್ಪಿಸಿಕೊಳ್ಳುತ್ತದೆ. ಆಮೇಲೆ ಸಂಕೇತದ ಬದಲು ಅಕ್ಷರಗಳನ್ನು ಹೋಲಿಸಿ. ಕಾರ್ತಿಕ ಎಂದರೆ ಕಾ, ರ್ತಿ, ಕ. ತಿಕೋಟಾ ಎಂದರೆ ತಿ, ಕೋ, ಟಾ. ತಿಕ್ಕು ಎಂದರೆ ತಿ, ಕ್ಕು. ಮೂರೂ ಪಾರಾಗುತ್ತವೆ. ನೈತಿಕ ಮಾತ್ರ ನೈ, ತಿ, ಕ ಆಗಿ ಇನ್ನೂ ಸಿಕ್ಕಿಬೀಳುತ್ತದೆ, ಅದಕ್ಕೆ ಪದದ ಆರಂಭದಲ್ಲಿ ಮಾತ್ರ ಹುಡುಕುವ ನಿಯಮ ಬೇಕು. ಆರಂಭದಿಂದ ಹುಡುಕುವುದರಿಂದ ವಿಭಕ್ತಿ ಹತ್ತಿದ ರೂಪಗಳೂ ಸಿಗುತ್ತವೆ. ಇಷ್ಟಾದರೂ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಪಾರಾಗದು. ಅಂಥ ಊರು, ಕೆರೆ, ಮನೆತನದ ಹೆಸರುಗಳಿಗೆ ವಿನಾಯಿತಿ ಪಟ್ಟಿಯೇ ಗತಿ, ಅದನ್ನು ಕೈಯಿಂದಲೇ ಬೆಳೆಸಬೇಕು.

ಕನ್ನಡದ ಚಾಟ್‌ನಲ್ಲಿ ಬಹುಪಾಲು ರೋಮನ್ ಲಿಪಿಯಲ್ಲಿ ನಡೆಯುತ್ತದೆ ಎಂಬುದನ್ನು ಮರೆತರೆ ಈ ಶ್ರಮವೆಲ್ಲ ವ್ಯರ್ಥ. ಒಂದೇ ಪದಕ್ಕೆ ನಾಲ್ಕೈದು ಕಾಗುಣಿತ, ದೀರ್ಘಕ್ಕೆ ಒಬ್ಬ ಎರಡು ಅಕ್ಷರ ಒತ್ತಿದರೆ ಇನ್ನೊಬ್ಬ ಒಂದೇ ಒತ್ತುತ್ತಾನೆ. ಮರುಕಳಿಸಿದ ಅಕ್ಷರಗಳನ್ನು ಒಂದಕ್ಕೆ ಇಳಿಸಿ, ಮಹಾಪ್ರಾಣದ ಗುರುತು ತೆಗೆದು, ಆಮೇಲೆ ಹೋಲಿಸಿ. ಇಲ್ಲಿ ತಪ್ಪು ಹಿಡಿತ ಹೆಚ್ಚು, ಹಾಗಾಗಿ ಸಂದೇಶ ಅಳಿಸುವ ಬದಲು ಮರೆಮಾಡಿ, ಓದುವವನು ಬಯಸಿದರೆ ತೆರೆಯಲಿ.

ಕೊನೆಗೆ, ನೀವು ಕಟ್ಟಿದ ಏಳೂ ಪದಗಳನ್ನು ಎಲ್ಲ ವಿಭಕ್ತಿಗಳಲ್ಲಿ, ಎರಡೂ ಲಿಪಿಗಳಲ್ಲಿ ಇದೇ ಫಿಲ್ಟರ್ ಮೂಲಕ ಹಾಯಿಸಿ. ತೂಬುಗಳ್ಳ ಸಿಕ್ಕಿಬಿದ್ದರೆ ಗೇಮ್ ಬಿಡುಗಡೆಗೆ ಮುಂಚೆಯೇ ವಿನಾಯಿತಿ ಪಟ್ಟಿಗೆ ಸೇರಿಸಿ. ಮಳೆನಂಬಿಯನ್ನು ಸೇರಿಸುವ ಮೊದಲು ಮಾತ್ರ ಚಾಟ್ ನೋಡಿಕೊಳ್ಳುವವರ ಜೊತೆ ಕೂತು ಮಾತಾಡಿ: ಆಟಗಾರರು ಅದನ್ನು ನಿಜದ ಜನರ ಮೇಲೆ ಎಸೆಯಲು ಶುರು ಮಾಡಿದರೆ ಯಾರು, ಎಷ್ಟು ಹೊತ್ತಿನೊಳಗೆ ಆ ಪದವನ್ನು ವಿನಾಯಿತಿ ಪಟ್ಟಿಯಿಂದ ತೆಗೆಯುತ್ತಾರೆ ಎಂಬುದು ಅಂದೇ ತೀರ್ಮಾನವಾಗಿರಬೇಕು.